ಅವ್ವನನ್ನು ಹಿಂದಿನ ಖೋಲಿಯಲ್ಲಿ ಕೂರಿಸಿದರೆ ಮರೆವು ಅಲ್ಲೇ ಇರುತ್ತಾ?

ಪತ್ರ: ನಾನು ಕಲಬುರಗಿಯವಳು, 36 ವರ್ಷ, ಟೀಚರ್. ನಮ್ಮ ಆಯಿಗೆ, ಅಂದರೆ ಅವ್ವನ ಅವ್ವನಿಗೆ, 75 ದಾಟಿದ ಮೇಲೆ ಯಾರ ಗುರುತೂ ಸಿಗುತ್ತಿರಲಿಲ್ಲ. ಈಗ 68ರ ಅವ್ವನಿಗೂ ಶುರುವಾಗಿದೆ. ಹೋದ ತಿಂಗಳು ಶರಣಬಸವೇಶ್ವರ ಗುಡಿಗೆ ಹೋದವರು ಮನೆ ದಾರಿ ತಿಳಿಯದೆ ಸಂಜೆವರೆಗೆ ಅಲ್ಲೇ ಕೂತಿದ್ದರು. ತಂಗಿಗೆ ಬೀದರ್ ಕಡೆಯ ಸಂಬಂಧ ಬಂದಿದೆ. ನೋಡಲು ಬಂದ ದಿನ ಅಣ್ಣ ಅವ್ವನನ್ನು ಹಿಂದಿನ ಖೋಲಿಯಲ್ಲಿ ಕೂರಿಸಿ "ಜ್ವರ ಬಂದಿದೆ" ಅಂದ. ನಿಜ ಹೇಳಿದರೆ "ಮನೆತನದಲ್ಲೇ ಹುಚ್ಚಿದೆ" ಅಂತಾರೆ ಅನ್ನೋದು ಅವನ ಭಯ. ನನ್ನ ಭಯ ಬೇರೆ. ಬೀಗದ ಕೈ ಎಲ್ಲಿಟ್ಟೆ ಅಂತ ಮರೆತರೂ ಎದೆ ಧಸಕ್ ಅನ್ನುತ್ತೆ. ಆನ್‌ಲೈನಲ್ಲಿ ಜೀನ್ ಟೆಸ್ಟ್ ಕಿಟ್ ಸಿಗುತ್ತಂತೆ. ನಾನು, ತಂಗಿ ಇಬ್ಬರೂ ಮಾಡಿಸಿಬಿಡೋಣವಾ?

ಉತ್ತರ: ತಂಗಿ, ನಿಮ್ಮ ಪತ್ರ ಎರಡು ಸಲ ಓದಿದೆ. ನಾನು ಹುಡುಕಿದ ಒಂದು ಮಾತು ಎಲ್ಲೂ ಸಿಗಲಿಲ್ಲ. ಅವ್ವನನ್ನು ಡಾಕ್ಟರ್‌ಗೆ ತೋರಿಸಿದಿರಾ? ನಿಮ್ಮ ಮುಂದಿನ ಮೂವತ್ತು ವರ್ಷದ ಲೆಕ್ಕ ಹಾಕಿದ್ದೀರಿ, ಅವ್ವನ ಬಿಪಿ ಎಷ್ಟು ಅಂತ ಬರೆದಿಲ್ಲ.

ಮರೆವೆಲ್ಲ ಡಿಮೆನ್ಶಿಯಾ, ಅಂದರೆ ನೆನಪು ಬುದ್ಧಿ ಕುಂದುತ್ತಾ ಹೋಗುವ ಕಾಯಿಲೆ, ಅಲ್ಲ. ಬಿ12 ವಿಟಮಿನ್ ಕಡಿಮೆಯಾದರೂ, ಥೈರಾಯಿಡ್ ಏರುಪೇರಾದರೂ, ಮನಸ್ಸು ಕುಗ್ಗಿದರೂ ಹೀಗೇ ಕಾಣಬಹುದು. ಯಾವತ್ತೋ ಬಿದ್ದು ತಲೆಯೊಳಗೆ ರಕ್ತ ಹೆಪ್ಪುಗಟ್ಟಿದ್ದರೂ ಅಷ್ಟೇ. ಇವಕ್ಕೆಲ್ಲ ಚಿಕಿತ್ಸೆ ಇದೆ. ನಮ್ಮ ಸೋದರತ್ತೆಗೆ ಅರಳು ಮರಳು ಅಂತ ಮನೆಮಂದಿಯೆಲ್ಲ ಎರಡು ವರ್ಷ ತೀರ್ಮಾನ ಮಾಡಿಕೊಂಡು ಕೂತಿದ್ದೆವು, ಕೊನೆಗೆ ನೋಡಿದರೆ ಅರ್ಧ ತೊಂದರೆ ಕಿವಿಯದ್ದು, ಪಾಪ ಅವರಿಗೆ ನಾವು ಹೇಳಿದ್ದೇ ಕೇಳಿಸುತ್ತಿರಲಿಲ್ಲ.

ಇನ್ನು ಇದು ರಕ್ತದಲ್ಲಿ ಬರುತ್ತಾ ಅನ್ನೋದು. ಸ್ವಲ್ಪ ಮಟ್ಟಿಗೆ ಹೌದು. ಅಪ್ಪನಿಗೋ ಅವ್ವನಿಗೋ ಇದ್ದರೆ ಮಕ್ಕಳಿಗೆ ಸಾಧ್ಯತೆ ಕೊಂಚ ಜಾಸ್ತಿ. ಆದರೆ ಜನ ಹೆದರೋದು ಬೇರೆ ಜಾತಿಯ ಆಲ್ಝೈಮರ್‌ಗೆ (ಡಿಮೆನ್ಶಿಯಾ ತರುವ ಕಾಯಿಲೆಗಳಲ್ಲಿ ಹೆಚ್ಚು ಕಾಣೋದು ಈ ಆಲ್ಝೈಮರ್). ಎಪಿಪಿ, ಪಿಎಸ್‌ಇಎನ್1, ಪಿಎಸ್‌ಇಎನ್2 ಅನ್ನೋ ಮೂರು ಜೀನ್‌ಗಳಲ್ಲಿ ಒಂದು ಕೆಟ್ಟಿದ್ದರೆ ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಶೇ. 50. ಅದು ಬಹಳ ಅಪರೂಪ, ಆಲ್ಝೈಮರ್ ರೋಗಿಗಳಲ್ಲಿ ಶೇ. 1ಕ್ಕಿಂತ ಕಡಿಮೆ. ಸಾಮಾನ್ಯವಾಗಿ ಮೂವತ್ತು, ನಲವತ್ತು, ಐವತ್ತರಲ್ಲೇ ಶುರುವಾಗುತ್ತೆ. ಆಯಿಗೆ 75 ದಾಟಿದ ಮೇಲೆ, ಅವ್ವನಿಗೆ 68ಕ್ಕೆ ಅಂದರೆ ನಿಮ್ಮ ಮನೆಯದ್ದು ಆ ಬಗೆಯಂತೆ ಕಾಣುವುದಿಲ್ಲ.

ಕಿಟ್‌ಗಳು ಸಾಮಾನ್ಯವಾಗಿ ನೋಡೋದು ಅಪೋಇ ಅನ್ನೋ ಇನ್ನೊಂದು ಜೀನ್. ಅದರ ಇ4 ರೂಪ ಅಪ್ಪ ಅವ್ವರಲ್ಲಿ ಒಬ್ಬರಿಂದ ಬಂದಿದ್ದರೆ ಅಪಾಯ ಸುಮಾರು ಎರಡು ಮೂರು ಪಟ್ಟು, ಇಬ್ಬರಿಂದಲೂ ಬಂದಿದ್ದರೆ ಇನ್ನೂ ಜಾಸ್ತಿ. ಆದರೆ ಅದು ಇದ್ದೂ ಕೊನೆವರೆಗೆ ಚೆನ್ನಾಗಿರುವವರಿದ್ದಾರೆ, ಇಲ್ಲದೆಯೂ ಮರೆವು ಬಂದವರಿದ್ದಾರೆ. ಅಂದರೆ ದುಡ್ಡು ಕೊಟ್ಟು ನೀವು ತರಿಸಿಕೊಳ್ಳೋದು "ಇರಬಹುದು" ಅನ್ನೋ ಉತ್ತರ. ಅದನ್ನು ಒಮ್ಮೆ ಓದಿದ ಮೇಲೆ ಓದಿಲ್ಲ ಅಂದುಕೊಳ್ಳೋಕಾಗಲ್ಲ. ಮಾಡಿಸಲೇಬೇಕು ಅನ್ನಿಸಿದರೆ ಮೊದಲು ಜೆನೆಟಿಕ್ ಕೌನ್ಸೆಲರ್, ಅಂದರೆ ಜೀನ್ ಟೆಸ್ಟಿನ ಅರ್ಥ ಬಿಡಿಸಿ ಹೇಳುವ ತಜ್ಞರ, ಹತ್ತಿರ ಮಾತಾಡಿ. ತಂಗಿಯ ಪರವಾಗಿ ಮಾತ್ರ ನೀವು ನಿರ್ಧಾರ ಮಾಡಬೇಡಿ. ಮದುವೆಗೆ ಮುಂಚೆ ರಿಪೋರ್ಟ್ ಬಂದರೆ ಅಣ್ಣನಿಗೆ ಬಚ್ಚಿಡೋಕೆ ಇನ್ನೊಂದು ಸಿಕ್ಕಂತಾಗುತ್ತೆ, ಅಷ್ಟೇ.

ಬದಲಿಗೆ ಇದನ್ನು ನೋಡಿ. 2024ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 14 ಕಾರಣಗಳನ್ನು ಪಟ್ಟಿ ಮಾಡಿ, ಇವನ್ನೆಲ್ಲ ಸರಿಪಡಿಸಿದರೆ ಶೇ. 45ರಷ್ಟು ಡಿಮೆನ್ಶಿಯಾ ತಡೆಯಬಹುದು ಇಲ್ಲವೇ ಮುಂದೂಡಬಹುದು ಅಂದಿತು. ಬಿಪಿ, ಶುಗರ್, ಕೆಟ್ಟ ಕೊಲೆಸ್ಟರಾಲ್, ಕಿವಿ ಮಂದವಾಗೋದು, ಕಣ್ಣು ಮಂಜಾಗೋದು, ಬೀಡಿ ಸಿಗರೇಟು, ಒಂಟಿತನ ಎಲ್ಲ ಅದರಲ್ಲಿವೆ. 36ಕ್ಕೆ ನಿಮ್ಮ ಕೈಯಲ್ಲಿರೋದು ಇವು. ಬೀಗದ ಕೈ ಬಿಡಿ, ಶಾಲೆ, ಮನೆ, ಅವ್ವ ಮೂರನ್ನೂ ಹೊತ್ತುಕೊಂಡು ನಿದ್ದೆಗೆಟ್ಟವರು ಅದನ್ನು ಮರೆಯದಿದ್ದರೇ ಆಶ್ಚರ್ಯ.

ಮದುವೆ ವಿಷಯಕ್ಕೆ ಬರೋಣ. ಹೇಳಿ. ಮದುವೆಯಾದ ಮೇಲೆ ಗೊತ್ತಾದರೆ ಅದರ ಮಾತು ಕೇಳಬೇಕಾದವಳು ತಂಗಿ, ಅಣ್ಣ ಅಲ್ಲ. ನಿಮ್ಮ ಪತ್ರದಲ್ಲಿ ಅವಳ ಒಂದು ಮಾತೂ ಇಲ್ಲ ನೋಡ್ರಿ, ಮೊದಲು ಅವಳನ್ನು ಕೇಳಿ. ಅವಳು ಹೂಂ ಅಂದ ಮೇಲೆ ದೊಡ್ಡ ಪಂಚಾಯ್ತಿ ಸೇರಿಸದೆ ಹುಡುಗನ ತಾಯಿಗೆ ನೀವೇ ಹೇಳಿ: "ನಮ್ಮ ಅವ್ವಗ ಮರವು ಅದ, ಡಾಕ್ಟರ್ ನೋಡಲತ್ತಾರ. ಮದುವಿ ದಿನ ನಿಮ್ಮ ಹೆಸರು ಮರತರ ಬ್ಯಾಸರ ಮಾಡ್ಕೋಬ್ಯಾಡ್ರಿ." ಇಷ್ಟು ಸಾಕು. ಸಂಬಂಧ ಮುರಿಯೋದೇ ಇಲ್ಲ ಅಂತ ನಾನು ಭರವಸೆ ಕೊಡಲಾರೆ. ಆದರೆ ಅತ್ತೆಯಾಗುವವಳ ಮನೆಯಲ್ಲೂ ಒಬ್ಬ ಮುತ್ತ್ಯಾನೋ ಆಯಿಯೋ ಹೀಗೇ ಇದ್ದಿರಬಹುದು, ಅಲ್ವಾ?

ಮದುವೆ ಮಂಟಪದ ಗದ್ದಲ ಅವ್ವನಿಗೆ ಕಷ್ಟ ಆಗುತ್ತೆ. ಪಕ್ಕದಲ್ಲಿ ಪರಿಚಯದ ಒಬ್ಬರು ಸದಾ ಇರಲಿ, ಸೆರಗಿನ ಗಂಟಿನಲ್ಲಿ ಫೋನ್ ನಂಬರ್ ಬರೆದ ಚೀಟಿ ಇರಲಿ. ಆ ಚೀಟಿ ಗುಡಿಗೆ ಹೋಗುವಾಗಲೂ ಬೇಕು, ಇವತ್ತೇ ಬರೆಯಿರಿ. ನಿಮಗೇ ತಡೆಯಲಾಗದ ರಾತ್ರಿ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರ್. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಈ ವಾರವೇ ಅವ್ವನ ಹಳೆ ಡಾಕ್ಟರ್ ಚೀಟಿ, ನುಂಗುತ್ತಿರುವ ಗುಳಿಗೆ ಎಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ನರರೋಗ ತಜ್ಞರ ಹತ್ತಿರ ಹೋಗಿ. ಗಾಡಿ ಅಣ್ಣನೇ ಓಡಿಸಲಿ, ಒಳಗೂ ಅವನೇ ಬರಲಿ.