ಮೊಬೈಲಿನಲ್ಲೇ ಎಲ್ಲ ಸಿಗುವಾಗ ಶಿರಸಿ, ಕಾರವಾರದಂಥ ಊರಿಗೆ ಗ್ರಂಥಾಲಯ ಇನ್ನೂ ಬೇಕಾ?

ಖಂಡಿತ ಬೇಕು. ಆದ್ರೆ ಬರೀ ಪೇಪರ್ ಓದೋಕಲ್ಲ. ಈಗ ಅಲ್ಲಿ ಜಾಸ್ತಿ ಕೂರುವವರು ಪೊಲೀಸ್, ಬ್ಯಾಂಕ್, ಕೆಪಿಎಸ್‌ಸಿ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ಮನೆಯಲ್ಲಿ ಬೇರೆ ಕೋಣೆ ಇಲ್ಲದವರಿಗೆ, ಕೋಚಿಂಗ್‌ಗೆಂದು ಧಾರವಾಡದಲ್ಲಿ ರೂಮು ಮಾಡಲು ಆಗದವರಿಗೆ ಒಂದು ಮೇಜು, ಒಂದು ಫ್ಯಾನು, ಗಲಾಟೆಯಿಲ್ಲದ ನಾಲ್ಕು ತಾಸು ಸಿಗುವುದು ಸಣ್ಣ ಮಾತಲ್ಲ.

ಹಳ್ಳಿಗಳಲ್ಲೂ ಬದಲಾವಣೆ ಆಗಿದೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. ಈಗ ಅವುಗಳ ಹೆಸರು ಅರಿವು ಕೇಂದ್ರ. 2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ರಾಜ್ಯದ ಡಿಜಿಟಲ್ ಗ್ರಂಥಾಲಯವೂ ಇದೆ. ಒಳ್ಳೆಯದೇ. ಆದ್ರೆ ಜೋಯಿಡಾ, ಸಿದ್ದಾಪುರದ ಕಾಡಂಚಿನ ಊರುಗಳಲ್ಲಿ ಮಳೆಗಾಲ ಬಂದರೆ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುತ್ತವೆ ಅಲ್ವಾ? ಆಗ ಕಪಾಟಿನ ಪುಸ್ತಕವೇ ಗತಿ.

ಇನ್ನು ದುಡ್ಡಿನ ಮಾತು. ಇದು ಸುಮ್ನೆ ಸಿಗುವ ಸೌಲಭ್ಯವಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರ ಕಟ್ಟುವವರು ನಾವೇ. ಅದರಲ್ಲಿ ಎಷ್ಟು ಗ್ರಂಥಾಲಯಕ್ಕೆ ತಲುಪಿತು, ಸಂಜೆ ಬಾಗಿಲು ಎಷ್ಟರವರೆಗೆ ತೆರೆದಿರುತ್ತದೆ ಎಂದು ನಿಮ್ಮ ನಗರಸಭೆಯಲ್ಲೋ ಗ್ರಾಮಸಭೆಯಲ್ಲೋ ಕೇಳಿ.