ಸೆಫ್‌ನಲ್ಲಿ (ಹಲವು ಯಂತ್ರಗಳ ಡಿಸ್ಕ್‌ಗಳನ್ನು ಒಂದಾಗಿ ಬಳಸುವ ಸ್ಟೋರೇಜ್ ಸಾಫ್ಟ್‌ವೇರ್) ಕಂಪ್ರೆಶನ್ ಆನ್ ಮಾಡಿದರೂ ಜಾಗ ಉಳಿಯುತ್ತಿಲ್ಲ. ಸ್ನ್ಯಾಪಿ ಬಿಟ್ಟು ಬೇರೆ ಅಲ್ಗಾರಿದಮ್ ಹಾಕಲಾ?

ಹಾರ್ಡ್ ಡಿಸ್ಕ್ ಕ್ಲಸ್ಟರ್, ಹಳೆಯ ಆವೃತ್ತಿಯಿಂದ ಅಪ್‌ಗ್ರೇಡ್ ಆದದ್ದು, 80% ತುಂಬಿದೆ ಅಂದಿದ್ದೀರಿ. ಅಲ್ಗಾರಿದಮ್ ಮುಟ್ಟಬೇಡಿ. ನಾನು ಅದರ ಹಿಂದೆ ಬಿದ್ದೇ ಸಮಯ ಕಳೆದುಕೊಂಡೆ.

ನಮ್ಮಲ್ಲಿ ಇದ್ದದ್ದು ಹೆಚ್ಚಾಗಿ ಲಾಗ್ ಫೈಲುಗಳು, ಚೆನ್ನಾಗಿ ಕುಗ್ಗುವಂಥವು. ಪೂಲ್‌ಗೆ (ಸೆಫ್‌ನಲ್ಲಿ ಡೇಟಾ ಇಡುವ ವಿಭಾಗ) ಅಗ್ರೆಸಿವ್ ಕಂಪ್ರೆಶನ್ ಮೋಡ್ ಕೊಟ್ಟೆ. ಏನೂ ಆಗಲಿಲ್ಲ. ಸ್ನ್ಯಾಪಿ ಸಾಲದೇನೋ ಅಂತ ಝಡ್‌ಲಿಬ್ ಎಂಬ ಇನ್ನೊಂದು ಅಲ್ಗಾರಿದಮ್ ಹಾಕಿದೆ. ಆಗಲೂ ಅಷ್ಟೇ.

ನಾನು ನೋಡದೆ ಬಿಟ್ಟದ್ದು ಮಿನ್ ಅಲಾಕ್ ಸೈಜ್. ಬ್ಲೂಸ್ಟೋರ್, ಅಂದರೆ ಸೆಫ್‌ನಲ್ಲಿ ಡಿಸ್ಕ್‌ಗೆ ಬರೆಯುವ ಭಾಗ, ಒಮ್ಮೆಗೆ ಕೊಡುವ ಕನಿಷ್ಠ ಜಾಗ ಅದು. ಹಾರ್ಡ್ ಡಿಸ್ಕ್‌ಗೆ ಮುಂಚೆ 64 ಕೆಬಿ ಇತ್ತು, 2021ರ ಪೆಸಿಫಿಕ್ ಆವೃತ್ತಿಯಿಂದ 4 ಕೆಬಿ. ಅಪ್‌ಗ್ರೇಡ್ ಆಗಿದೆಯಲ್ಲ, 4 ಇರುತ್ತೆ ಅಂದುಕೊಂಡೆ. ಇರಲಿಲ್ಲ. ಓಎಸ್‌ಡಿ (ಒಂದೊಂದು ಡಿಸ್ಕ್ ನೋಡಿಕೊಳ್ಳುವ ಸೆಫ್ ಘಟಕ) ಸೃಷ್ಟಿಸುವಾಗ ಯಾವ ಅಳತೆ ಇತ್ತೋ ಅದೇ ಕೊನೆತನಕ. ಕಾನ್ಫಿಗ್ ಬದಲಿಸಿ ರೀಸ್ಟಾರ್ಟ್ ಮಾಡಿದರೂ ಬದಲಾಗುವುದಿಲ್ಲ. ಈಗಿನ ಆವೃತ್ತಿಗಳು ಹಾರ್ಡ್ ಡಿಸ್ಕ್‌ನಲ್ಲಿ ಡೇಟಾವನ್ನು ಹೆಚ್ಚೆಂದರೆ 64 ಕೆಬಿ ತುಣುಕುಗಳಾಗಿ ಕುಗ್ಗಿಸುತ್ತವೆ. ಅಂಥ ತುಣುಕು 20 ಕೆಬಿ ಆದರೂ ಹಿಡಿಯುವುದು 64. ಉಳಿತಾಯವೇ ಇಲ್ಲದ ಮೇಲೆ ಬ್ಲೂಸ್ಟೋರ್ ಕುಗ್ಗಿಸಲು ಹೋಗುವುದೇ ಇಲ್ಲ. 'ಸೆಫ್ ಡಿಎಫ್ ಡೀಟೇಲ್' ಕೊಟ್ಟಿದ್ದರೆ, ಕುಗ್ಗಿದ ಡೇಟಾ ಹಿಡಿದ ಜಾಗ ತೋರಿಸುವ ಯೂಸ್ಡ್ ಕಂಪ್ರ್ ಕಾಲಂನಲ್ಲಿ ಸೊನ್ನೆ ಕಾಣುತ್ತಿತ್ತು. ನಾನು ಒಟ್ಟು ಶೇಕಡಾವಾರು ಒಂದನ್ನೇ ನೋಡುತ್ತಾ ಕೂತಿದ್ದೆ.

ಇದಕ್ಕಿರುವ ದಾರಿ, ಓಎಸ್‌ಡಿಗಳನ್ನು ಒಂದೊಂದಾಗಿ ಖಾಲಿ ಮಾಡಿ ಹೊಸದಾಗಿ ಸೃಷ್ಟಿಸುವುದು. ಖಾಲಿ ಮಾಡಲು ಉಳಿದ ಡಿಸ್ಕ್‌ಗಳಲ್ಲಿ ಜಾಗ ಬೇಕಲ್ವಾ? ನಮಗೆ ಗೊತ್ತಾಗುವ ಹೊತ್ತಿಗೆ 85% ದಾಟಿ ನಿಯರ್‌ಫುಲ್ ಎಚ್ಚರಿಕೆ ಬಂದಿತ್ತು. 90%ಗೆ ಬ್ಯಾಕ್‌ಫಿಲ್, ಅಂದರೆ ಡೇಟಾವನ್ನು ಬೇರೆ ಡಿಸ್ಕ್‌ಗೆ ಸಾಗಿಸುವುದು, ನಿಲ್ಲುತ್ತದೆ. ಜಾಗ ಉಳಿಸಲು ಹೊರಟವರು ಹೊಸ ಡಿಸ್ಕ್ ಕೊಂಡೆವು.

ನೀವಿನ್ನೂ 80%ನಲ್ಲಿದ್ದೀರಿ. ಇವತ್ತೇ 'ಸೆಫ್ ಓಎಸ್‌ಡಿ ಮೆಟಾಡೇಟಾ' ನೋಡಿ. ಮಿನ್ ಅಲಾಕ್ ಸೈಜ್ 65536 (ಬೈಟ್‌ನಲ್ಲಿ, ಅಂದರೆ 64 ಕೆಬಿ) ಅಂತ ಬಂದರೆ ಬೇಡದ ಸ್ನ್ಯಾಪ್‌ಶಾಟ್ ಅಳಿಸಿ ಜಾಗ ಮಾಡಿಕೊಂಡು, ಒಂದು ಓಎಸ್‌ಡಿಯಿಂದ ಶುರು ಮಾಡಿ. ಹಳೆಯ ಡೇಟಾ ತಾನಾಗಿ ಕುಗ್ಗುವುದಿಲ್ಲ. ಹೊಸ ಓಎಸ್‌ಡಿಗೆ ವಾಪಸ್ ಬರುವಾಗ ಮತ್ತೆ ಬರೆಯಬೇಕಲ್ಲ, ಆಗ ಕುಗ್ಗುತ್ತದೆ. ಸ್ನ್ಯಾಪಿಯೇ ಸಾಕು. ವಿಡಿಯೊ, ಜೆಪೆಗ್, ಎನ್‌ಕ್ರಿಪ್ಟ್ ಆದ ಬ್ಯಾಕಪ್ ಇದ್ದರೆ ಬೇರೆ ಪೂಲ್‌ಗೆ ಹಾಕಿ, ಅಲ್ಲಿ ಕಂಪ್ರೆಶನ್ ಬೇಡ. ಗಾತ್ರ ಮೂಲದ 0.875 ಭಾಗಕ್ಕೆ ಇಳಿಯದಿದ್ದರೆ ಬ್ಲೂಸ್ಟೋರ್ ಮೂಲವನ್ನೇ ಬರೆಯುತ್ತದೆ, ಸುಮ್ನೆ ಸಿಪಿಯು ಖರ್ಚು. ಮೊದಲ ಓಎಸ್‌ಡಿಗೆ ಡೇಟಾ ಪೂರ್ತಿ ಬಂದ ಮೇಲೆ ಯೂಸ್ಡ್ ಕಂಪ್ರ್ ಏರಿದೆಯಾ ನೋಡಿ. ಏರಿದ್ದರೆ ಮಾತ್ರ ಎರಡನೆಯದಕ್ಕೆ ಕೈ ಹಾಕಿ.