ಪಾಲ್ಬೊಸಿಕ್ಲಿಬ್ ಕೀಮೋ ತರಹ ಅಲ್ಲ

ಅಮ್ಮನ ಸ್ತನ ಕ್ಯಾನ್ಸರ್‌ಗೆ ಪಾಲ್ಬೊಸಿಕ್ಲಿಬ್ ಶುರುವಾದ ಮೇಲೆ ಬಿಳಿ ರಕ್ತಕಣ ಇಳಿದಿದೆ, ಇದೂ ಕೀಮೋ ತರಹ ಡಿಎನ್‌ಎ ಹಾಳು ಮಾಡುತ್ತಾ ಅಂತ ಕೇಳಿದ್ದೀರಿ. ಇಲ್ಲ, ಇದು ಕೆಲಸ ಮಾಡುವ ರೀತಿಯೇ ಬೇರೆ.

ಜೀವಕೋಶ ಎರಡಾಗುವ ಮೊದಲು ಡಿಎನ್‌ಎ ನಕಲಾಗಬೇಕು. ಆರ್‌ಬಿ ಎಂಬ ಪ್ರೋಟೀನ್ ಅದಕ್ಕೆ ತಡೆ ಹಾಕಿರುತ್ತದೆ. ಆ ತಡೆಯನ್ನು ತೆಗೆಯುವುದು ಸಿಡಿಕೆ4, ಸಿಡಿಕೆ6 ಎಂಬ ಕೈನೇಸ್‌ಗಳು, ಅಂದರೆ ಬೇರೆ ಪ್ರೋಟೀನ್‌ಗಳ ಕೆಲಸವನ್ನು ಬದಲಿಸುವ ಕಿಣ್ವಗಳು. ಈ ಔಷಧಿ ಅವನ್ನೇ ಕಟ್ಟಿಹಾಕುತ್ತದೆ. ನಕಲು ಶುರುವಾಗುವ ಮುಂಚೆಯೇ ಕೋಶ ನಿಲ್ಲುತ್ತದೆ. ಕೀಮೋದ ಎಷ್ಟೋ ಔಷಧಿಗಳು ಡಿಎನ್‌ಎಯನ್ನೇ ಕೆಡಿಸುತ್ತವೆ. ಆಗ ಚೆಕ್1, ವೀ1 ಎಂಬ ಬೇರೆ ಕೈನೇಸ್‌ಗಳು ಕೋಶವನ್ನು ತಡೆದು ರಿಪೇರಿಗೆ ಸಮಯ ಕೊಡುತ್ತವೆ.

ಬಿಳಿ ರಕ್ತಕಣ ತಯಾರಾಗುವ ಮೂಳೆ ಮಜ್ಜೆಯ ಕೋಶಗಳಿಗೂ ಸಿಡಿಕೆ6 ಬೇಕು. ಅದಕ್ಕೇ ಎಣಿಕೆ ಇಳಿಯುವುದು. ಆದರೆ ಕೀಮೋದಲ್ಲಿ ಆಗುವ ಹಾಗೆ ಅವು ಸಾಯುವುದು ಕಡಿಮೆ, ಹೆಚ್ಚಾಗಿ ಸುಮ್ನೆ ನಿಂತಿರುತ್ತವೆ. ಸಾಮಾನ್ಯವಾಗಿ 21 ದಿನ ಔಷಧಿ, 7 ದಿನ ಬಿಡುವು, ಅಲ್ವಾ? ಆ ಬಿಡುವಿನಲ್ಲಿ ಎಣಿಕೆ ಸಾಮಾನ್ಯವಾಗಿ ಮತ್ತೆ ಏರುತ್ತದೆ. ಜಾಸ್ತಿ ಇಳಿದರೆ ಡಾಕ್ಟರ್ ಬಿಡುವು ಹೆಚ್ಚಿಸುತ್ತಾರೆ ಅಥವಾ ಡೋಸ್ ತಗ್ಗಿಸುತ್ತಾರೆ. ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ. ಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ.